ವಿಲ್ಡಾಳ ಬೋಗುಣಿ

ಗಾಜಿನ ಬೋಗುಣಿಯನ್ನು ಬೋರಲು ಹಾಕಿ ನೋಡಿದಳು ಅರ್ವೆಲ್ಲಾ. ತಳದಲ್ಲಿ ಅಂಟುಪಟ್ಟಿ, ಅದರ ಮೇಲೆ ನೀಲಿ ಶಾಯಿಯಲ್ಲಿ ವಿಲ್ಡಾಳ ಹೆಸರು. ಈ ತಿಂಗಳಲ್ಲಿ ಇದು ಮೂರನೆಯದು.

ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಬೋಗುಣಿಗೆ ಹೆಸರು ಅಂಟಿಸುವುದು ಅದು ತಿರುಗಿ ಮನೆ ಸೇರಲಿ ಎಂದು. ಅಡುಗೆ ತುಂಬಿಕೊಂಡು ಅದು ಮನೆ ಬಿಟ್ಟು ಹೊರಡಲು ಕಾರಣ ಎರಡೇ. ಪಕ್ಕದ ಮನೆಯಲ್ಲಿ ಸಾವಾಗಿರಬೇಕು, ಇಲ್ಲವೇ ಯಾರಾದರೂ ಕಾಯಿಲೆ ಬಿದ್ದಿರಬೇಕು. ಅರ್ವೆಲ್ಲಾಳ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಗಂಡ ಡಾರ್ಸಿ ಗಣಿ ಕೆಲಸ ಬಿಟ್ಟ ಮೇಲೂ ಗುಂಡುಕಲ್ಲಿನ ಹಾಗಿದ್ದ. ಅವಳಿಗೆ ಸೊಂಟನೋವು ಇದ್ದದ್ದು ನಿಜ, ಆದರೆ ಅದು ಆರು ವರ್ಷದ ಹಳೆಯದು. ಸೊಂಟನೋವಿಗೆ ಯಾರೂ ಕೋಳಿ ಬೇಯಿಸಿ ತರುವುದಿಲ್ಲ. ಹಾಗಾದರೆ ಮೂರು ಮನೆ ಆಚೆಯ ವಿಧವೆ ವಿಲ್ಡಾ ಬೇಯಿಸುತ್ತಿರುವುದು ಯಾರಿಗೆ?

"ಏನಂತೆ ಅವಳಿಗೆ?" ಎಂದು ಕೇಳಿದಳು.

"ಮಾಡಿದ್ದು ಜಾಸ್ತಿ ಆಯ್ತಂತೆ," ಎಂದ ಡಾರ್ಸಿ, ಒಲೆಯ ಕಡೆ ನೋಡುತ್ತಾ.

"ಮೂರು ಸಲಾನೂ? ಒಂಟಿ ಹೆಂಗಸಿಗೆ ಒಂದು ಹೊಟ್ಟೆ ಅಳತೆ ಗೊತ್ತಿಲ್ವಾ?"

ಅವನು ಸೌದೆ ತರುವ ನೆಪದಲ್ಲಿ ಹೊರಗೆ ಹೋದ. ಮೂವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೇ ಸಾಕಾಯಿತು.

ವಸಂತ ಕಾಲಿಟ್ಟಾಗಿನಿಂದ ಅವನು ಬದಲಾಗಿದ್ದ. ಸೌದೆ ಒಡೆಯುತ್ತಿದ್ದರೂ ಗಳಿಗೆಗೊಮ್ಮೆ ಒಳಗೆ ಬಂದು ಅವಳನ್ನು ನೋಡಿ ಹೋಗುತ್ತಿದ್ದ. ಮಧ್ಯಾಹ್ನ ಕುರ್ಚಿಯಲ್ಲಿ ಅವಳಿಗೆ ಜೊಂಪು ಹತ್ತಿದರೆ, ಎಚ್ಚರವಾದಾಗ ಅವನ ಮುಖ ಒಂದು ಗೇಣು ದೂರದಲ್ಲಿರುತ್ತಿತ್ತು. ಬಚ್ಚಲಮನೆಯ ಚಿಲಕ ಕೆಟ್ಟಿದೆ ಎಂದು ಕಿತ್ತುಹಾಕಿದವನು ಹೊಸದನ್ನು ಹಾಕಿರಲಿಲ್ಲ. ತಪ್ಪು ಮಾಡಿದ ಗಂಡಸಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದಳು. ತಾಯಿಯ ಮಾತು ಸುಳ್ಳಾದದ್ದಿಲ್ಲ.

ಭಾನುವಾರ ಚರ್ಚಿನ ಹಿಂದೆ ಇಬ್ಬರೂ ನಿಂತು ಪಿಸುಗುಟ್ಟುವುದು ಅವಳ ಕಿವಿಗೆ ಬಿತ್ತು.

"ಮೊದಲ ಸಲಕ್ಕೆ ಆಗ್ದಿದ್ರೆ?" ಎಂದ ಡಾರ್ಸಿ.

"ಎರಡು ಮೂರು ನಿಮಿಷ ಬಿಟ್ಟು ಇನ್ನೊಂದ್ಸಲ," ಎಂದಳು ವಿಲ್ಡಾ. "ಹೆದರ್ಬೇಡ. ಆ ಹೊತ್ತಿಗೆ ಕೈ ತಾನೇ ಕಲೀತದೆ."

"ಅವಳಿಗೆ ಗೊತ್ತಾದ್ರೆ ಮನೆ ಬಿಟ್ಟು ಹೋಗ್ತಾಳೆ."

"ಹೇಳ್ದೆ ಎಷ್ಟು ದಿನ ಅಂತ ಇರ್ತೀಯ, ಡಾರ್ಸಿ?"

ಅರ್ವೆಲ್ಲಾ ಅವನನ್ನು ಕಾಯದೆ ಒಬ್ಬಳೇ ಮನೆಗೆ ನಡೆದಳು. ಅರವತ್ತರ ಹತ್ತಿರದ ಹೆಂಗಸಿಗೆ ಹೊಟ್ಟೆಕಿಚ್ಚು ಶೋಭಿಸುವುದಿಲ್ಲ ಎನ್ನುವವರು ಅದನ್ನು ಪಟ್ಟು ನೋಡಿದವರಲ್ಲ.

ಮಂಗಳವಾರ ಮಧ್ಯಾಹ್ನ, ಮೊಳೆ ತರುತ್ತೇನೆಂದು ಹೊರಟವನ ಹಿಂದೆಯೇ ಹೊರಟಳು. ಅವನು ಅಂಗಡಿಯ ಕಡೆ ತಿರುಗಲಿಲ್ಲ, ವಿಲ್ಡಾಳ ಬೇಲಿಯ ಬಳಿ ನಿಂತ. ಅಲ್ಲಿ ಕಂಬದ ಮೇಲೆ ಬಿಳಿ ಬಣ್ಣದ ಪೆಟ್ಟಿಗೆಯಿತ್ತು. ಎರಡು ವರ್ಷದ ಹಿಂದೆ ಮಗನನ್ನು ಮಣ್ಣು ಮಾಡಿದ ಮೇಲೆ ವಿಲ್ಡಾ ತಾನೇ ನೆಡಿಸಿದ್ದು. ಅಮಲಿನ ಮದ್ದು ಮಿತಿಮೀರಿ ಉಸಿರು ನಿಂತವರನ್ನು ಬದುಕಿಸಲು ಮೂಗಿಗೆ ಬಿಡುವ ಔಷಧಿ ಅದರಲ್ಲಿರುತ್ತಿತ್ತು. ಬೀಗವಿಲ್ಲ, ಕೇಳುವವರಿಲ್ಲ, ಬೇಕಾದವರು ತೆಗೆದುಕೊಳ್ಳಬಹುದು. ಊರಿನಲ್ಲಿ ಮರ್ಯಾದಸ್ಥರು ಆ ಕಂಬ ಬಂದಾಗ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಅರ್ವೆಲ್ಲಾ ಕೂಡ.

ಡಾರ್ಸಿ ಪೆಟ್ಟಿಗೆ ತೆರೆದು ಎರಡು ಪೊಟ್ಟಣ ಜೇಬಿಗಿಳಿಸಿದ. ವಿಲ್ಡಾ ಹೊರಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಅವನು ಅತ್ತ. ಸ್ವಂತ ತಾಯಿ ಸತ್ತಾಗಲೂ ಹೆಂಡತಿಯೆದುರು ಅಳದಿದ್ದವನು ಅವಳೆದುರು ಅತ್ತ.

ಅಲ್ಲಿಗೆ ಎಲ್ಲ ಅರ್ಥವಾಯಿತು. ಡಾರ್ಸಿಗೆ ಚಟ ಹತ್ತಿದೆ. ಅದಕ್ಕೇ ಬೋಗುಣಿ, ಅದಕ್ಕೇ ಪಿಸುಮಾತು. ಅವನು ಅವಳ ಮಂಚ ಹತ್ತಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ತನ್ನ ಪ್ರಾಣದ ಗುಟ್ಟನ್ನು ಒಯ್ದು ಆ ಹೆಂಗಸಿನ ಕೈಗೆ ಕೊಟ್ಟಿದ್ದ, ಕಟ್ಟಿಕೊಂಡವಳನ್ನು ಹೊರಗಿಟ್ಟಿದ್ದ.

ಅವನಿಗಿಂತ ಮೊದಲೇ ಮನೆಗೆ ಬಂದು ಹುಡುಕಿದಳು. ಒಂದು ಪೊಟ್ಟಣ ಅವನ ಹಳೆಯ ಕೋಟಿನಲ್ಲಿ ಸಿಕ್ಕಿತು. ಒಂದು ಬಚ್ಚಲಮನೆಯ ಕಪಾಟಿನಲ್ಲಿ. ಇನ್ನೊಂದು ಅವಳದೇ ಕುರ್ಚಿಯ ಹಿಂದಿನ ಬುಟ್ಟಿಯಲ್ಲಿ, ಉಣ್ಣೆಯ ಉಂಡೆಗಳ ಕೆಳಗೆ. ಕಳ್ಳನಿಗೆ ನನ್ನ ಹೆಣಿಗೆಯ ಬುಟ್ಟಿಯೇ ಬೇಕಾಯಿತೇ ಎಂದುಕೊಂಡಳು. ಮೂರನ್ನೂ ಅಡುಗೆಮನೆಯ ಮೇಜಿನ ಮೇಲೆ, ವಿಲ್ಡಾಳ ಬೋಗುಣಿಯ ಪಕ್ಕ ಸಾಲಾಗಿ ಇಟ್ಟಳು.

ಸಿಟ್ಟಿಗೆ ಸೊಂಟ ಹಿಡಿದುಕೊಂಡಿತು. ಡಾಕ್ಟರು ನೋವಿನ ಮಾತ್ರೆ ಬರೆದುಕೊಡುವುದನ್ನು ನಿಲ್ಲಿಸಿದ ಮೇಲೆ ಚಿಕ್ಕಪ್ಪನ ಮಗಳು ಟ್ಯಾನ್ಯಾ ತಂದುಕೊಡುತ್ತಿದ್ದ ಮಾತ್ರೆಗಳಿದ್ದವು. ಈ ಸಲದವುಗಳ ನೀಲಿ ಸ್ವಲ್ಪ ಬೇರೆ. ಒಂದರ ಬದಲು ಎರಡು ನುಂಗಿ, ಕಾಯುತ್ತಾ ಕುಳಿತಳು.

ಡಾರ್ಸಿ ಬಾಗಿಲಲ್ಲೇ ನಿಂತುಬಿಟ್ಟ. ಮೇಜು ನೋಡಿದ, ಅವಳನ್ನು ನೋಡಿದ.

"ಯಾವಾಗಿಂದ?" ಎಂದಳು.

"ನಂಗೆ ಗೊತ್ತಾಗಿದ್ದು ಮಾರ್ಚಲ್ಲಿ, ವೆಲ್ಲಾ."

ಇದೆಂಥ ಉತ್ತರ? ತನ್ನ ಚಟ ತನಗೇ ಮಾರ್ಚಿನಲ್ಲಿ ಗೊತ್ತಾಯಿತೇ?

"ಅವಳಿಗೆ ಹೇಳ್ದೆ," ಎಂದಳು. ನಾಲಿಗೆ ದಪ್ಪಗಾಗಿತ್ತು. "ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮಾತ್ರೆ ಬಚ್ಚಿಟ್ಕೊಂಡು..." ಎಂದವನು ಮಾತು ಅರ್ಧಕ್ಕೆ ಬಿಟ್ಟು ಅವಳ ಕಡೆ ಓಡಿಬಂದ. ಯಾಕೆ ಓಡಿಬರುತ್ತಿದ್ದಾನೆ ಎಂದು ಕೇಳಬೇಕೆಂದುಕೊಂಡಳು. ಮೇಜು ದೂರ ಸರಿಯಿತು.

ಕಣ್ಣು ಬಿಟ್ಟಾಗ ನೆಲ ತಣ್ಣಗಿತ್ತು. ಮೂಗಿನೊಳಗೆ ಕಹಿ. ಡಾರ್ಸಿಯ ಕೂಗು ಕೇಳಿ ಬರಿಗಾಲಲ್ಲಿ ಓಡಿಬಂದ ವಿಲ್ಡಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಮಂಡಿಯೂರಿದ್ದ ಡಾರ್ಸಿಯ ಕೈಯಲ್ಲಿ ಖಾಲಿಯಾದ ಎರಡು ಪೊಟ್ಟಣಗಳಿದ್ದವು.

"ಉಸಿರು ಬಂತು," ಎಂದಳು ವಿಲ್ಡಾ. "ಸರಿಯಾಗೇ ಮಾಡ್ದೆ, ಡಾರ್ಸಿ."

ಮೇಜಿನ ಅಂಚಿನಲ್ಲಿ ಗಾಜಿನ ಬೋಗುಣಿ ಕಾಣುತ್ತಿತ್ತು. ಮೂರು ಸಲವೂ ಅದು ಕಾಯಿಲೆಯವಳನ್ನೇ ಹುಡುಕಿಕೊಂಡು ಬಂದಿತ್ತು.