ಭೂತಪ್ಪನ ಎಡೆ

ಗುತ್ಯಪ್ಪ ಹೊಳೆಬಾಗಿಲಿನ ಬೀಡಿ ಅಂಗಡಿಗೆ ನುಗ್ಗಿದವನೇ ಪುಟ್ಟಪ್ಪನ ಕೊರಳಪಟ್ಟಿ ಹಿಡಿದ. ಪೆಪ್ಪರಮೆಂಟಿನ ಭರಣಿ ಉರುಳಿತು. ಹಿನ್ನೀರು ದಾಟಲು ಲಾಂಚ್ ಕಾಯುತ್ತಿದ್ದವರೆಲ್ಲ ಎದ್ದು ನಿಂತರು.

"ನನ್ನ ಮಗನಿಗೆ ಗಾಂಜಾ ಕೊಡೋನು ನೀನಲ್ದೆ ಮತ್ಯಾರೋ?"

"ಹುಡುಕು ಮಾರಾಯ. ಬೀಡಿ, ಬೆಂಕಿಪೊಟ್ಟಣ ಬಿಟ್ರೆ ಇಲ್ಲಿ ಎಂಥದ್ದೂ ಇಲ್ಲ. ಅವನು ಈ ದಡದ ಮುಖ ನೋಡಿ ಎಷ್ಟು ದಿನ ಆತು? ನಿನ್ನ ದಡದಲ್ಲೇ ಹುಡುಕಿದ್ಯಾ?"

ಗುತ್ಯಪ್ಪ ಗೋಣಿಚೀಲ ಕೊಡವಿದ, ಗಲ್ಲಾಪೆಟ್ಟಿಗೆ ಬೋರಲು ಹಾಕಿದ. ಏನೂ ಸಿಗಲಿಲ್ಲ. ಹೋದ ವಾರ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಲಾರಿ ಕ್ಲೀನರ್ ಒಬ್ಬನಿಗೆ ಬಾರಿಸಿದ್ದ. ಅಲ್ಲೂ ಸಿಕ್ಕಿರಲಿಲ್ಲ.

ಮಗ ಗಣೇಶ ಸಾಗರದ ಕಾಲೇಜಿನಲ್ಲಿ ಆ ಚಟ ಹತ್ತಿಸಿಕೊಂಡಿದ್ದ. ಓದು ಬಿಡಿಸಿ ಆಚೆ ದಡದ ಬ್ಯಾಕೋಡಿನ ಮನೆಗೆ ತಂದು ಮೂರು ತಿಂಗಳಾಗಿತ್ತು. ಬಂದ ಹೊಸದರಲ್ಲಿ ಬೆವತು, ನಡುಗಿ, ಉಣ್ಣುವ ತಟ್ಟೆಯನ್ನು ಹೆತ್ತವಳ ಹಣೆಗೇ ಎಸೆದಿದ್ದ. ಗುತ್ಯಪ್ಪ ಅವನ ಜೇಬು ಬರಿದು ಮಾಡಿದ. ಅವನನ್ನು ಹತ್ತಿಸಬೇಡಿ ಎಂದು ಲಾಂಚಿನವರಿಗೆ ಕಟ್ಟಪ್ಪಣೆ ಮಾಡಿದ.

ಅಮಾವಾಸ್ಯೆಗೆ ಭೂತಪ್ಪನಿಗೆ ಎಡೆ ಇಟ್ಟ ಮಾರನೇ ದಿನ ಮಾತ್ರ ಹುಡುಗ ಹಸುವಿನಂತೆ ತಣ್ಣಗಿದ್ದ. ಅದನ್ನು ಕಂಡವಳು ಹೆಂಡತಿ ದುಗ್ಗಮ್ಮ.

"ನೋಡಿದ್ರಾ? ಭೂತಪ್ಪನೇ ಹಿಡಿದು ಕೂರಿಸ್ತಾನೆ. ದಿನಾ ಎಡೆ ಇಡಿ ಅಂದ್ರೆ."

ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಹಳೆಯ ಊರು ಮುಳುಗಿದಾಗ ಗುತ್ಯಪ್ಪನ ಅಪ್ಪ ಪಾತ್ರೆಪಡಗ ಬಿಟ್ಟು ಹೊತ್ತುತಂದ ಕಲ್ಲೇ ಭೂತಪ್ಪ. ಅನ್ನ, ಹೆಂಡ, ಚಿಲುಮೆ, ಎಡೆಯಲ್ಲಿ ಒಂದೂ ತಪ್ಪಬಾರದು. ಕಲ್ಲಿನ ಹಿಂದೆ ಬೆಳೆದ ಭೂತಪ್ಪನ ಗಿಡಕ್ಕೆ ದನ ಬಾಯಿ ಹಾಕದಂತೆ ಬೇಲಿ. ಎಡೆ ಇಟ್ಟವನು ತಿರುಗಿ ನೋಡದೆ ಬರಬೇಕು. ಮರುದಿನ ಹೊತ್ತು ನೆತ್ತಿಗೇರುವವರೆಗೆ ಯಾರೂ ಅತ್ತ ಸುಳಿಯಬಾರದು. ಆಮೇಲೆ ಹೋದರೆ ಎಲೆ ಬರಿದು. ಭೂತಪ್ಪ ಒಪ್ಪಿದ ಎಂದರ್ಥ.

ಹೆಂಡತಿಯ ಮಾತಿನಂತೆ ಅಂದಿನಿಂದ ದಿನಾ ಎಡೆ. ಹುಡುಗ ತಣ್ಣಗಾದ. ಆದರೆ ಉಣ್ಣಲಿಲ್ಲ, ಮಾತಾಡಲಿಲ್ಲ. ಕಣ್ಣು ಕೆಂಡವಾಗಿಯೇ ಉಳಿಯಿತು, ಅಂಗಿಯ ವಾಸನೆ ಹೋಗಲಿಲ್ಲ. ದೇವರು ಒಂದು ಕಡೆ ಎಳೆದರೆ ಯಾವನೋ ಹಾಳಾದವನು ಇನ್ನೊಂದು ಕಡೆ ಎಳೆಯುತ್ತಿದ್ದ.

ಹೊಳೆಬಾಗಿಲಿನಿಂದ ಬರಿಗೈಲಿ ಬಂದ ಸಂಜೆ ಗುತ್ಯಪ್ಪ ದುಪ್ಪಟ್ಟು ಎಡೆ ಇಟ್ಟ. ಕಲ್ಲಿಗೆ ಹಣೆ ಚಚ್ಚಿದ.

"ನನ್ನ ಮಗನಿಗೆ ಆ ವಿಷ ಕೊಡೋ ಕೈ ಬಿದ್ದುಹೋಗ್ಲಿ, ಭೂತಪ್ಪ! ಯಾರದ್ದೇ ಆಗ್ಲಿ, ಬಿಡಬ್ಯಾಡ!"

ಬೆಳಗ್ಗೆ ಗಣೇಶನ ಚಾಪೆ ಖಾಲಿ. ದುಗ್ಗಮ್ಮ ಬಾವಿಗೆ ಇಣುಕಿ ಬಾಯಿ ಬಡಿದುಕೊಂಡಳು. ಕೊಟ್ಟಿಗೆಯಲ್ಲಿಲ್ಲ, ಹಿನ್ನೀರಿನ ದಡದಲ್ಲಿಲ್ಲ. ಮಗನನ್ನು ಉಳಿಸಿಕೊಡು ಎಂದು ಬೇಡಲು ಗುತ್ಯಪ್ಪ ಹೊತ್ತಿನ ನೇಮ ಮರೆತು ಕಲ್ಲಿನ ಕಡೆಗೆ ಓಡಿದ.

ಗಣೇಶ ಕಲ್ಲಿಗೆ ಒರಗಿ ಕೂತಿದ್ದ. ಬೇಲಿಯೊಳಗಿನ ಗಿಡದಿಂದ ಗಾಂಜಾ ಕಿತ್ತು ಒಣಗಿಸಿ, ನಿನ್ನೆ ಸಂಜೆ ಗುತ್ಯಪ್ಪ ತನ್ನ ಕೈಯಾರೆ ತುಂಬಿಟ್ಟ ಭೂತಪ್ಪನ ಚಿಲುಮೆ ಅವನ ಬಾಯಲ್ಲಿ ಹೊಗೆಯಾಡುತ್ತಿತ್ತು.