ಸುಲ್ತಾನರ ಅಂಗಿ

“ಇನ್ನೊಂಚೂರು ಹತ್ರ ಹಿಡಿಯಮ್ಮ, ಬರೀ ಗಾಜೇ ಕಾಣ್ತದೆ,” ಎಂದ ಆವಲಪ್ಪ.

ಜಂಗಮಕೋಟೆಯ ತನ್ನ ಮನೆಯ ಜಗಲಿಯಲ್ಲಿ ಅವನು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಲಂಡನ್ನಿನಲ್ಲಿ ಓದುತ್ತಿದ್ದ ಮೊಮ್ಮಗಳು ಮೌನಿಕಾ ಅಲ್ಲಿನ ಒಂದು ವಸ್ತುಸಂಗ್ರಹಾಲಯದಿಂದ ವಿಡಿಯೋ ಕರೆ ಮಾಡಿದ್ದಳು. ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಕೊಳ್ಳೆ ಹೊಡೆದ ಟಿಪ್ಪು ಸುಲ್ತಾನರ ರೇಷ್ಮೆ ಅಂಗಿ ಅಲ್ಲಿದೆ ಎಂದು ಕೇಳಿದಾಗಿನಿಂದ ಮುದುಕನಿಗೆ ಅದೇ ಧ್ಯಾನ. ಈ ಸೀಮೆಗೆ ರೇಷ್ಮೆ ಹುಳ ತರಿಸಿದ ದೊರೆ. ಆ ಹುಳ ಸಾಕಿಯೇ ಅವನ ಮನೆತನ ಅನ್ನ ಉಂಡಿತ್ತು. ಅದಕ್ಕೇ ಇವತ್ತು ಒಗೆದ ಪಂಚೆ ಉಟ್ಟು ಪೇಟ ಸುತ್ತಿದ್ದ.

“ಫೋನಲ್ಲಿ ನೋಡೋಕೂ ಪೇಟ ಬೇಕಾ?” ಹೆಂಡತಿ ವೆಂಕಟರತ್ನಮ್ಮ ನಕ್ಕಳು.

“ದೊರೆ ಮುಂದೆ ಬೋಳು ತಲೇಲಿ ಕೂತ್ಕೊಳ್ಳೋಕಾಗ್ತದೇನೆ?”

ಮೌನಿಕಾ ಫೋನನ್ನು ಗಾಜಿಗೆ ತಾಗಿಸಿದಳು. ಬಣ್ಣ ಮಾಸಿ ಜೇನಿನಂತಾದ ಬಟ್ಟೆ, ಕೊರಳ ಸುತ್ತ ಜರಿ. ತೋಳಿನ ಅಂಚಿನಲ್ಲಿ ಎಳೆ ಬಿಟ್ಟಿತ್ತು. ಆವಲಪ್ಪ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ.

“ತೋಳು ಸವೆದೋಗಿದೆ ನೋಡಮ್ಮ,” ಎಂದ. “ಪಾಪ, ದಿನಾ ತೊಡ್ತಿದ್ದ ಅಂಗಿ ಕಣಮ್ಮ ಇದು.”

ಅಷ್ಟರಲ್ಲಿ ಎತ್ತರದ ಕಪ್ಪು ಕಾವಲುಗಾರನೊಬ್ಬ ಬಂದು, ಇಲ್ಲಿ ವಿಡಿಯೋ ಕರೆ ಮಾಡುವಂತಿಲ್ಲ ಎಂದ. ಮೌನಿಕಾ ತಡವರಿಸಿದಳು.

“ಯಾರಮ್ಮ ಅದು?”

“ಕಾವಲಿನೋರು ತಾತ. ಫೋನ್ ಆಫ್ ಮಾಡು ಅಂತಿದ್ದಾರೆ.”

“ಒಂದ್ಸಲ ಅವರ ಮುಖ ತೋರ್ಸು.”

ಅವಳು ಅಳುಕುತ್ತಲೇ ಫೋನ್ ತಿರುಗಿಸಿದಳು. ಆವಲಪ್ಪ ಕೈ ಮುಗಿದ. “ಚೆನ್ನಾಗಿ ನೋಡ್ಕೊಳ್ಳಪ್ಪ. ನುಸಿ ಹಿಡೀಬಾರದು. ಯಾವತ್ತಾದ್ರೂ ನಮ್ಮೋರು ಬಂದು ತಗೊಂಡೋಗ್ತಾರೆ. ಅಲ್ಲೀವರ್ಗೂ ನಿನ್ನ ಮೇಲೇ ಭಾರ.”

ಏನಂತೆ ಎಂಬಂತೆ ಕಾವಲುಗಾರ ಮೌನಿಕಾಳನ್ನು ನೋಡಿದ. ಏನಾಗುವುದೋ ಎಂದುಕೊಂಡೇ ಅವಳು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

ಅವನು ಅತ್ತಿತ್ತ ನೋಡಿ, ಬಾಗಿಲ ಕಡೆಗೆ ಅಡ್ಡವಾಗಿ ಬಂದು ಅವಳನ್ನು ಮರೆ ಮಾಡಿದ.

“ಇನ್ನೂ ಸ್ವಲ್ಪ ಹೊತ್ತು ನೋಡಲಿ,” ಎಂದ ಮೆಲ್ಲಗೆ. “ನಾನು ನೈಜೀರಿಯಾದವನು. ಈ ಕೆಲಸಕ್ಕೆ ಸೇರಿದಾಗ ನಮ್ಮಜ್ಜಿಯೂ ಇದೇ ಮಾತು ಹೇಳಿದ್ದಳು. ನಮ್ಮ ರಾಜನ ಕಿರೀಟವೂ ಇಲ್ಲೇ ಮೇಲಿನ ಮಹಡಿಯಲ್ಲಿದೆ.”