ಮೊದಲು ಕೈ ಎತ್ತಿದವಳು

ನಾಲ್ಕನೇ ದಿನವೂ ಆ ಮನುಷ್ಯ ಬಂದು ಕಾರಿಡಾರಿನಲ್ಲಿ ನಿಂತ.

“ಕೂತ್ಕೊಳಿ ಅಂದ್ರೆ ಕೂತ್ಕೊಳಲ್ಲ ಸಾರ್,” ಸ್ವಾಗತದ ಮೇಜಿನ ಹುಡುಗಿ ಫೋನಿನಲ್ಲಿ ಪಿಸುಗುಟ್ಟಿದಳು. “ನಾಲ್ಕು ಕುರ್ಚಿ ಖಾಲಿ ಇವೆ. ನೆಟ್ಟ ಕಂಬದ ಹಾಗೆ ನಿಂತಿದಾರೆ. ನಿಮ್ಮನ್ನೇ ನೋಡ್ಬೇಕಂತೆ. ಸೆಕ್ಯೂರಿಟಿಗೆ ಹೇಳ್ಲಾ?”

“ಬೇಡ. ನಿಲ್ಲಲಿ.”

ಅಂಕಣಕಾರ ಫೋನಿಟ್ಟ. ಗಾಜಿನ ಬಾಗಿಲಾಚೆ ಐವತ್ತರ ಆಸುಪಾಸಿನ ಮುಖ, ಇಸ್ತ್ರಿ ಕಾಣದ ಅಂಗಿ, ಕಂಕುಳಲ್ಲಿ ಮಡಚಿದ ಹಳೇ ಪತ್ರಿಕೆ. ಯಾವ ವಾರದ್ದೆಂದು ಹತ್ತಿರ ಹೋಗಿ ನೋಡಬೇಕಾಗಿರಲಿಲ್ಲ.

ವಿಮಾನದಲ್ಲಿ ಓಡಾಡುವವರಿಗಾಗಿ ವಾರಕ್ಕೊಂದು ಪುಟ ಬರೆಯುವುದು ಅವನ ಕೆಲಸ. ಯಾವ ಕಂಪನಿ ಬ್ಯಾಗಿನ ತೂಕ ಇಳಿಸಿತು, ಯಾವ ಸಾಲಿನಲ್ಲಿ ಕೂತರೆ ಕುಲುಕಾಟ ಕಡಿಮೆ, ಎಷ್ಟು ದಿನ ಮುಂಚೆ ಟಿಕೆಟ್ ಮಾಡಿಸಿದರೆ ಅಗ್ಗ. ಹನ್ನೊಂದು ವರ್ಷ ಬರೆದಿದ್ದ. ಓದುಗರಿಗೆ ಹಿಡಿಸಿದ್ದು ಮಾತ್ರ ಒಂದೇ ಸಲಹೆ. ಕಂಪನಿಗಳು ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುತ್ತವೆ. ಎಲ್ಲರೂ ಬಂದುಬಿಟ್ಟರೆ ಗೇಟಿನಲ್ಲಿ ಮೈಕ್ ಹಿಡಿದು, ಯಾರಾದರೂ ಉಳಿಯುತ್ತೀರಾ ಎಂದು ಹಲ್ಲು ಗಿಂಜುತ್ತವೆ. ಆಗ ಮೊದಲು ಕೈ ಎತ್ತಿ. ಮುಂದಿನ ವಿಮಾನದಲ್ಲಿ ಸೀಟು, ಮೇಲೆ ಇನ್ನೊಂದು ಪ್ರಯಾಣ ಪುಕ್ಕಟೆ. ಸ್ವಲ್ಪ ತಡವಾದರೆ ನಿಮ್ಮ ಗಂಟೇನು ಹೋಗುತ್ತದೆ?

ಏಳು ತಿಂಗಳ ಹಿಂದೆ ಒಂದು ಮಧ್ಯಾಹ್ನ ಆ ‘ಮುಂದಿನ ವಿಮಾನ’ ನೆಲಕ್ಕೆ ಬಿತ್ತು. ಅರವತ್ತೊಂದು ಜನ. ಒಬ್ಬರೂ ಉಳಿಯಲಿಲ್ಲ. ಅವನ ಮಾತು ನಂಬಿ, ಹಿಂದಿನದನ್ನು ಬಿಟ್ಟು ಅದನ್ನು ಹತ್ತಿದವಳು ಒಬ್ಬಳಿದ್ದಳು ಎಂಬುದು ಅವನಿಗೆ ಗೊತ್ತಿತ್ತು. ಒಬ್ಬಳೇ ಎಂದುಕೊಂಡಿದ್ದ. ಈಗ ಅದೇ ಪುಟ ಹಿಡಿದು ಈ ಮನುಷ್ಯ. ಇನ್ನೆಷ್ಟು ಜನರೋ. ಸತ್ತವರ ಪಟ್ಟಿಯನ್ನು ಅವನು ನಲವತ್ತೆರಡನೇ ಹೆಸರಿನವರೆಗೆ ಮಾತ್ರ ಓದಿದ್ದ. ಅದರಿಂದಾಚೆ ಕಣ್ಣು ಹೋಗುತ್ತಿರಲಿಲ್ಲ.

ಹವಾಮಾನ ಎಂದಿತು ಕಂಪನಿ. ತನಿಖೆ ನಡೆಯುತ್ತಿದೆ ಎಂದಿತು ಸರ್ಕಾರ. ಹಣೆಬರಹ ಎಂದರು ಸಂಪಾದಕರು, ಹೆಗಲ ಮೇಲೆ ಕೈಯಿಟ್ಟು. ಮೂರನೇ ದಿನಕ್ಕೆ ಅದೇ ಕಂಪನಿಯ ಅರ್ಧ ಪುಟದ ಜಾಹೀರಾತು: ‘ನಿಮ್ಮವರನ್ನು ಬೇಗ ಸೇರಿ.’ ನಾಚಿಕೆಗೆಟ್ಟವರು ಅದನ್ನು ಹಾಕಿದ್ದು ಅವನ ಪುಟದಲ್ಲೇ. ‘ತಪ್ಪು ನಿನ್ನದು’ ಎಂದು ಮಾತ್ರ ಒಂದು ನರಪಿಳ್ಳೆಯೂ ಹೇಳಲಿಲ್ಲ. ಹೆಂಡತಿಯೂ ಹೇಳಲಿಲ್ಲ. ಅವಳು ಮಾತೇ ಬಿಟ್ಟಿದ್ದಳು. ತಟ್ಟೆ ಇಡುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಪತ್ರಿಕೆಯನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ.

ಯಾರಾದರೂ ಒಬ್ಬರು ಎದುರು ನಿಂತು ಉಗಿಯಲಿ, ಕಪಾಳಕ್ಕೆ ಬಾರಿಸಲಿ. ಅವನಿಗೆ ಬೇಕಿದ್ದದ್ದು ಅಷ್ಟೇ. ಬಸ್ಸಿನಲ್ಲಿ ಜನ ಮೇಲಿನ ಕಂಬಿ ಹಿಡಿದರೆ ಸಾಕು, ಅವನಿಗೆ ಎತ್ತಿದ ಕೈಗಳೇ ಕಾಣುತ್ತಿದ್ದವು.

ಸಂಪಾದಕರು ಅಚ್ಚಿನ ಹಾಳೆ ಹಿಡಿದು ಬಂದರು. ‘ಜನ ಮೆಚ್ಚಿದ ಹತ್ತು ಸಲಹೆಗಳು’ ಎಂಬ ವಿಶೇಷ ಪುಟ. ಏಳನೆಯದರ ಕೆಳಗೆ ಅವನು ಎರಡು ವಾಕ್ಯ ಸೇರಿಸಿದ್ದ: ಇದನ್ನು ನಂಬಿ ಒಬ್ಬಳು ಸತ್ತಿದ್ದಾಳೆ. ಹೇಳಿಕೊಟ್ಟವನು ನಾನು.

“ಇದು ಹೋಗಲ್ಲ ಕಣಯ್ಯಾ. ಕೆಳಗೆ ಅವರದ್ದೇ ಜಾಹೀರಾತಿದೆ.”

“ಅವರನ್ನ ಬೈದಿಲ್ವಲ್ಲ. ನನ್ನನ್ನ ನಾನೇ ಬೈಕೊಂಡಿದೀನಿ.”

“ಬೈಕೊಳಕ್ಕೆ ಮನೇಲಿ ಕನ್ನಡಿ ಇಲ್ವಾ? ಅದಕ್ಕೂ ಪೇಪರೇ ಬೇಕಾ?” ಎಂದವರು ದನಿ ತಗ್ಗಿಸಿದರು. “ಇನ್ನೊಂದು ನಾಕು ದಿನ ರಜಾ ತಗೋ ಮಾರಾಯ.”

ಕಟ್ಟಡದ ಮೇಲೆ ವಿಮಾನವೊಂದು ಇಳಿಯುತ್ತ ಹೋಯಿತು. ಕಿಟಕಿಗಳು ನಡುಗಿದವು. ಕಚೇರಿಯ ಅಷ್ಟೂ ತಲೆಗಳು ಒಮ್ಮೆ ಅವನತ್ತ ತಿರುಗಿ, ತಕ್ಷಣ ಕೀಲಿಮಣೆಗೆ ಬಗ್ಗಿದವು.

ಅವನು ಎದ್ದ. ಉಗಿಯುವವನೊಬ್ಬ ಹೊರಗೆ ನಿಂತೇ ಇದ್ದನಲ್ಲ.

“ಬನ್ನಿ, ಒಳಗೆ ಕೂತು ಮಾತಾಡೋಣ.”

“ಕೂರಕ್ಕಾಗಲ್ಲ ಸಾರ್.”

ಮೆಟ್ಟಿಲ ಬಳಿ ನಿಂತರು, ಎದುರುಬದುರು. ಅಂಕಣಕಾರ ಕನ್ನಡಕ ತೆಗೆದು ಜೇಬಿಗಿಟ್ಟ. “ಹೊಡೆಯೋದಿದ್ರೆ ಹೊಡೆದುಬಿಡಿ. ಯಾರೂ ತಡೆಯಲ್ಲ.”

ಆ ಮನುಷ್ಯ ತನ್ನ ಅಂಗೈ ನೋಡಿಕೊಂಡ. “ನೀವು ಬರೆದದ್ದು ಅವಳಿಗೆ ಬಾಯಿಪಾಠ. ಮೈಕಲ್ಲಿ ಕೇಳಿ ಮುಗಿಸಿರಲಿಲ್ಲ, ಕೈ ಎತ್ತೇಬಿಟ್ಟಳು. ನಗ್ತಾ.”

“ನೀವು ಅಲ್ಲೇ ಇದ್ರಾ?”

“ಪಕ್ಕದಲ್ಲೇ.”

“ಬೇಡ ಅನ್ನಬಹುದಿತ್ತು.”

“ಅನ್ನಬಹುದಿತ್ತು. ನನಗೆ ಅವಸರ. ಅಮ್ಮ ಆಸ್ಪತ್ರೇಲಿದ್ರು. ನೀವು ಹೊರಡಿ, ನಾನು ಹಿಂದೇನೇ ಬರ್ತೀನಿ ಅಂದಳು. ಹೊರಟೆ. ತಿರುಗಿ ಕೂಡ ನೋಡ್ಲಿಲ್ಲ.”

“ಅಮ್ಮ ಈಗ?”

“ಚೆನ್ನಾಗಿದಾರೆ.” ಬೈಗುಳದ ಹಾಗೆ ಹೇಳಿದ. “ದಿನಾ ಎರಡು ಸಲ ಕಾಫಿ ಕೇಳೋವಷ್ಟು ಚೆನ್ನಾಗಿದಾರೆ. ಕಣ್ಣು ಮುಚ್ಚಿದ್ರೆ ಅವಳು ಬರ್ತಾಳೆ ಸಾರ್. ಏನೂ ಅನ್ನಲ್ಲ. ಕೈ ಎತ್ಕೊಂಡು ನಿಂತಿರ್ತಾಳೆ. ಇಳಿಸಮ್ಮಾ ಅಂದ್ರೆ ಇಳಿಸಲ್ಲ.”

ಅಂಕಣಕಾರ ಅವನ ತೋಳು ಹಿಡಿದ. ತನಗೆ ಕಾಣುವುದೇ ಈ ಮನುಷ್ಯನಿಗೂ ಕಾಣುತ್ತಿತ್ತು. “ಮತ್ಯಾಕೆ ಸುಮ್ಮನಿದ್ದೀರಿ? ತಪ್ಪು ನಿನ್ನದೇ ಅಂತ ಒಂದ್ಸಲ ಬಾಯಿಬಿಟ್ಟು ಹೇಳಿ. ಕಾಲಿಗೆ ಬೇಕಾದ್ರೂ ಬೀಳ್ತೀನಿ.”

“ಅಯ್ಯೋ, ಆ ಮಾತನ್ನ ನಿಮ್ಮ ಬಾಯಲ್ಲಿ ಕೇಳೋಕೇ ಅಲ್ವಾ ನಾನು ನಾಲ್ಕು ದಿನದಿಂದ ನಿಂತಿರೋದು.”

ಅಂಕಣಕಾರನಿಗೆ ತಲೆಬುಡ ತಿಳಿಯಲಿಲ್ಲ.

“ಅವಳು ನಿಮಗೆ ಏನಾಗಬೇಕು?”

“ನನಗೇನೂ ಆಗಬೇಕಿಲ್ಲ ಸಾರ್. ‘ಇದು ನಮ್ಮಪ್ಪ ಹೇಳಿಕೊಟ್ಟಿದ್ದು’ ಅಂತ ನಿಮ್ಮ ಮಗಳು ಬಿಟ್ಟುಕೊಟ್ಟ ಸೀಟಲ್ಲಿ ಕೂತು ಮನೆ ಸೇರಿದವನು ನಾನು.”